ಆಪರೇಷನ್ ಒಂದು ದಿನದ್ದು, ಆಸರೆ ಐದು ವರ್ಷದ್ದು

ಕೈ ಅಥವಾ ಕಾಲಿನಲ್ಲಿ ತೊಂದರೆಯಿರುವ ಮಗು ಹುಟ್ಟಿದ ಮನೆಗೆ ನಾವು ಹೇಗೆ ನೆರವಾಗುತ್ತೇವೆ? ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಡಾಕ್ಟರು ಆಪರೇಷನ್ ಆಗಬೇಕು ಎಂದರಂತೆ ಎಂಬ ಸುದ್ದಿ ಮೊಹಲ್ಲಾದಲ್ಲಿ ಹರಡುತ್ತದೆ. ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯ ಬಾಗಿಲಲ್ಲಿ ಹಣ ಸಂಗ್ರಹವಾಗುತ್ತದೆ. ಮಗುವಿನ ಕಾಲಿನ ಫೋಟೊ, ತಂದೆಯ ಬ್ಯಾಂಕ್ ಖಾತೆ ಸಂಖ್ಯೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ಆಪರೇಷನ್ ಆಗುತ್ತದೆ. ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೇವೆ. ಅಲ್ಲಿಗೆ ನಮ್ಮ ಪಾಲಿನ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ.

ಆ ಮನೆಯವರಿಗೆ ಮಾತ್ರ ನಿಜವಾದ ಕೆಲಸ ಆಗಷ್ಟೇ ಶುರುವಾಗಿರುತ್ತದೆ. ಹಣ ಕೂಡಿಸಿದವರ ಮನಸ್ಸು ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ನಮ್ಮ ನೆರವು ಆಪರೇಷನ್ನಿನ ಒಂದು ದಿನಕ್ಕೆ ಸೀಮಿತವಾದರೆ ಆ ಆಪರೇಷನ್ನೇ ವ್ಯರ್ಥವಾಗುವ ಸಂಭವವಿದೆ.

ಸೊಟ್ಟಪಾದವನ್ನೇ ತೆಗೆದುಕೊಳ್ಳಿ. ವೈದ್ಯರು ಇದನ್ನು ಕ್ಲಬ್‌ಫೂಟ್ ಎನ್ನುತ್ತಾರೆ. ಸುಮಾರು ಸಾವಿರ ಮಕ್ಕಳಲ್ಲಿ ಒಂದು ಮಗು ಪಾದ ಒಳಮುಖವಾಗಿ, ಕೆಳಮುಖವಾಗಿ ತಿರುಚಿಕೊಂಡು ಹುಟ್ಟುತ್ತದೆ. ಹಿಂದೆ ಇದಕ್ಕೆ ದೊಡ್ಡ ಶಸ್ತ್ರಚಿಕಿತ್ಸೆಯೇ ದಾರಿಯಾಗಿತ್ತು. ಅಂಥ ಪಾದಗಳು ಬೆಳೆದ ಮೇಲೆ ಬಿಗಿದುಕೊಂಡು ನೋವು ಕೊಡುವುದನ್ನು ಕಂಡ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಇಗ್ನಾಸಿಯೊ ಪೊನ್ಸೆಟಿ ಬೇರೊಂದು ವಿಧಾನ ರೂಪಿಸಿದರು. ಇಂದು ಜಗತ್ತಿನಾದ್ಯಂತ ಅದೇ ಮೊದಲ ಚಿಕಿತ್ಸೆ.

ಈ ವಿಧಾನದಲ್ಲಿ ಹುಟ್ಟಿದ ಮೊದಲ ವಾರಗಳಲ್ಲೇ ಪಾದವನ್ನು ಕೈಯಿಂದ ಮೆಲ್ಲನೆ ತಿರುಗಿಸಿ, ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಬಿಚ್ಚಿ, ಇನ್ನಷ್ಟು ತಿರುಗಿಸಿ, ಮತ್ತೆ ಹಾಕುತ್ತಾರೆ. ಸಾಮಾನ್ಯವಾಗಿ ಐದರಿಂದ ಏಳು ಪ್ಲಾಸ್ಟರ್ ಬೇಕಾಗುತ್ತದೆ. ಆಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಬಿಗಿಯಾದ ಸ್ನಾಯುರಜ್ಜುವನ್ನು ಕತ್ತರಿಸಿ ಸಡಿಲಿಸುವ ಚಿಕ್ಕ ಆಪರೇಷನ್ ಮಾಡುತ್ತಾರೆ. ಅದು ಕೆಲವೇ ನಿಮಿಷಗಳ ಕೆಲಸ. ಕೊನೆಯ ಪ್ಲಾಸ್ಟರ್ ಮೂರು ವಾರ ಇರುತ್ತದೆ. ನಂತರ ಎರಡು ಬೂಟುಗಳ ನಡುವೆ ಕಂಬಿ ಜೋಡಿಸಿದ ಬ್ರೇಸ್ ಬರುತ್ತದೆ. ಮೊದಲ ಮೂರು ತಿಂಗಳು ಅದನ್ನು ದಿನಕ್ಕೆ 23 ಗಂಟೆ ಹಾಕಬೇಕು. ಆಮೇಲೆ ಮಗುವಿಗೆ ನಾಲ್ಕೈದು ವರ್ಷ ತುಂಬುವವರೆಗೂ ರಾತ್ರಿ ಮತ್ತು ಹಗಲು ನಿದ್ದೆಯ ಹೊತ್ತಿನಲ್ಲಿ ಹಾಕಬೇಕು. ಸರಿಯಾದ ಪಾದ ಮತ್ತೆ ಸೊಟ್ಟಗಾಗುವುದಕ್ಕೆ ಮುಖ್ಯ ಕಾರಣ ಈ ಬ್ರೇಸನ್ನು ನಡುವೆ ಬಿಟ್ಟುಬಿಡುವುದು.

ಈಗ ಈ ವೇಳಾಪಟ್ಟಿಯನ್ನು ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಒಂದು ಮನೆಗೆ ಹೊಂದಿಸಿ ನೋಡಿ. ತಂದೆ ಗ್ಯಾರೇಜಿನಲ್ಲೋ ಗಾರೆ ಕೆಲಸದಲ್ಲೋ ಇದ್ದಾನೆ, ಅಥವಾ ಅಡಿಕೆ ಕೊಯ್ಲಿನ ಕಾಲದಲ್ಲಿ ಸಿಗುವ ಕೂಲಿಯನ್ನೇ ನಂಬಿದ್ದಾನೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತೀರ್ಥಹಳ್ಳಿಯಿಂದ ಸುಮಾರು 60 ಕಿಲೋಮೀಟರ್, ಸಾಗರದಿಂದ 70ರ ಆಸುಪಾಸು. ಮಣಿಪಾಲಕ್ಕೆ ಹೊರಟರೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಆಗುಂಬೆಯ ರಸ್ತೆಯಲ್ಲಿ ಮರ ಬಿದ್ದರೆ, ಗುಡ್ಡ ಜರಿದರೆ ಆ ದಿನದ ಸರದಿ ತಪ್ಪಿದಂತೆಯೇ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಬಹಳಷ್ಟು ಖಾಸಗಿ ಬಸ್ಸುಗಳು. ವಾರಕ್ಕೊಂದು ದಿನದ ಕೂಲಿ, ಬಸ್ಸಿನ ಹಣ, ಊಟದ ಖರ್ಚು ಎರಡು ಮೂರು ತಿಂಗಳು ಹೀಗೆಯೇ ಹೋಗುತ್ತದೆ. ಮನೆಯಲ್ಲಿರುವ ದೊಡ್ಡ ಮಕ್ಕಳನ್ನು ಆ ದಿನ ಯಾರು ನೋಡಿಕೊಳ್ಳಬೇಕು? ಐದನೆಯ ವಾರಕ್ಕೆ ತಂದೆ ‘ಮುಂದಿನ ವಾರ ನೋಡೋಣ’ ಎಂದರೆ ಅದು ಅವನ ಉದಾಸೀನವಲ್ಲ. ಅವನ ಕೈ ಬರಿದಾಗಿರುತ್ತದೆ, ಅಷ್ಟೇ.

ಇದರ ಜೊತೆಗೆ ಬಾಣಂತನದ ನಲ್ವತ್ತು ದಿನಗಳ ಪ್ರಶ್ನೆಯಿದೆ. ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ಆದರೆ ಆಗಲೇ ನಮ್ಮ ಮನೆಗಳಲ್ಲಿ ಬಾಣಂತಿ ಹೊಸ್ತಿಲು ದಾಟಬಾರದು, ಮಗುವಿಗೆ ಗಾಳಿ ಸೋಕಬಾರದು ಎನ್ನುತ್ತಾರೆ. ಬಾಣಂತಿಗೆ ವಿಶ್ರಾಂತಿ ಬೇಕು ಎಂಬುದು ಸರಿ. ಬಸ್ಸಿನಲ್ಲಿ ನಿಂತು ಹೋಗಿ ಆಸ್ಪತ್ರೆಯ ಓಣಿಯಲ್ಲಿ ಮಧ್ಯಾಹ್ನದವರೆಗೆ ಕಾಯುವುದು ಅವಳಿಗೆ ಕಷ್ಟವೇ. ಅದಕ್ಕೆ ಪರಿಹಾರ ಮಗುವಿನ ಚಿಕಿತ್ಸೆಯನ್ನು ಮುಂದೂಡುವುದಲ್ಲ. ಮೊಹಲ್ಲಾದಲ್ಲಿ ಕಾರು ಇರುವವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಕರೆದುಕೊಂಡು ಹೋದರೆ ಸಾಕು. ಇಂಥ ನೆರವಿಗೆ ಲಕ್ಷಗಟ್ಟಲೆ ಹಣ ಬೇಡ.

ಬ್ರೇಸ್‌ನ ವರ್ಷಗಳಲ್ಲಿ ಬೇಕಾಗುವುದು ಇನ್ನೊಂದು ಬಗೆಯ ಆಸರೆ. ಮೊದಲ ಕೆಲವು ರಾತ್ರಿ ಮಗು ಅಳುತ್ತದೆ. ಆಗ ಅಜ್ಜಿ, ಅತ್ತೆ, ನೆರೆಮನೆಯವರು ‘ಪಾಪ, ಮಗೂನ ಯಾಕಮ್ಮಾ ಹಿಂಸೆ ಮಾಡ್ತೀಯಾ, ಕಾಲು ನೆಟ್ಟಗಾಗಿದೆಯಲ್ಲ, ಬಿಚ್ಚಿಬಿಡು’ ಎನ್ನುತ್ತಾರೆ. ಅವರ ಮಾತಿನಲ್ಲಿ ಪ್ರೀತಿಯೇ ಇರುತ್ತದೆ. ಆದರೆ ಎಷ್ಟೋ ತಿಂಗಳ ಶ್ರಮ ಹಾಳಾಗುವುದು ಅಂಥ ಒಂದು ರಾತ್ರಿಯಿಂದಲೇ. ತಾಯಿಯ ಪಕ್ಕ ಕುಳಿತು ‘ಇನ್ನೆರಡು ದಿನ ನೋಡೋಣ, ಅಭ್ಯಾಸವಾಗುತ್ತದೆ’ ಎನ್ನುವ ಒಬ್ಬ ಹೆಂಗಸು ಆ ಮನೆಗೆ ದೊಡ್ಡ ಉಪಕಾರ ಮಾಡಿದಂತೆ.

ಆರೈಕೆಯ ಕೆಲವು ಮಾತುಗಳನ್ನೂ ಇಲ್ಲೇ ಹೇಳಿಬಿಡಬೇಕು. ಪ್ಲಾಸ್ಟರ್ ಒದ್ದೆಯಾಗಬಾರದು. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯೇ ಒಣಗದಿರುವಾಗ ಇದಕ್ಕೆ ಹೆಚ್ಚಿನ ಎಚ್ಚರ ಬೇಕು. ಮಗುವಿಗೆ ಸ್ನಾನದ ಬದಲು ಒದ್ದೆ ಬಟ್ಟೆಯಿಂದ ಮೈ ಒರೆಸಿ. ಮೂತ್ರ ಪ್ಲಾಸ್ಟರ್‌ಗೆ ಇಳಿಯದಂತೆ ಬಟ್ಟೆಯನ್ನು ಆಗಾಗ ಬದಲಿಸಿ. ಪ್ಲಾಸ್ಟರ್ ಒಳಗೆ ಎಣ್ಣೆ, ಪೌಡರ್ ಸುರಿಯಬೇಡಿ. ಕಾಲ್ಬೆರಳುಗಳನ್ನು ದಿನಕ್ಕೆ ಹಲವು ಸಲ ನೋಡಿ. ಅವು ನೀಲಿಗಟ್ಟಿದರೆ, ತಣ್ಣಗಾದರೆ, ಊದಿಕೊಂಡರೆ, ಪ್ಲಾಸ್ಟರ್ ಒಳಕ್ಕೆ ಸರಿದುಹೋದರೆ, ಕೆಟ್ಟ ವಾಸನೆ ಬಂದರೆ ಮುಂದಿನ ವಾರದವರೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಬ್ರೇಸ್ ಹಾಕುವಾಗ ಒಳಗೆ ಒಣಗಿದ ಹತ್ತಿಯ ಕಾಲುಚೀಲವಿರಲಿ. ಚರ್ಮ ಕೆಂಪಾಗಿ ಗುಳ್ಳೆಯೆದ್ದರೆ ವೈದ್ಯರಿಗೆ ತೋರಿಸಿ. ಎಣ್ಣೆ ತಿಕ್ಕುವುದರಿಂದ ಸೊಟ್ಟಪಾದ ನೆಟ್ಟಗಾಗುವುದಿಲ್ಲ, ಕಾಲ ಮಾತ್ರ ಕಳೆದುಹೋಗುತ್ತದೆ. ಸೊಂಟದ ಕೀಲು ಜಾರಿದ ಮಗುವಿನ ವಿಷಯದಲ್ಲೂ ಕಾಲವೇ ಮುಖ್ಯ. ಮೊದಲ ತಿಂಗಳುಗಳಲ್ಲಿ ಪಟ್ಟಿ ಕಟ್ಟಿ ಸರಿಪಡಿಸಬಹುದಾದದ್ದು ತಡವಾದರೆ ಆಪರೇಷನ್‌ಗೆ ಬರುತ್ತದೆ. ಮಿಂದ ಮಗುವನ್ನು ಕಾಲು ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತುವುದು ಈ ಕೀಲಿಗೆ ಒಳ್ಳೆಯದಲ್ಲ. ಸುತ್ತುವುದಾದರೆ ಮಗು ಕಾಲು ಮಡಚಿ ಅಗಲಿಸಲು ಜಾಗವಿರಲಿ.

ಮೂಳೆ-ಕೀಲಿನ ಕಷ್ಟವನ್ನು ದೀರ್ಘಕಾಲ ಹೊತ್ತ ಮನೆಗಳು ಈ ಮೂರು ತಾಲೂಕುಗಳಿಗೆ ಹೊಸತಲ್ಲ. ಸಾಗರ ತಾಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದಲೇ ಕರೆಯುವ ಕಾಯಿಲೆ 1970ರ ದಶಕದ ನಡುವಿನಲ್ಲಿ ಹೊರಗಿನವರ ಗಮನಕ್ಕೆ ಬಂತು. ಸೊಂಟ, ಮಂಡಿಯ ಕೀಲುಗಳು ಸವೆದು, ನಡೆಯುವುದೇ ಕಷ್ಟವಾಗುವ ಕಾಯಿಲೆ ಅದು. ಕೆಲವರ ಬೆಳವಣಿಗೆಯೂ ಕುಂಠಿತವಾಗುತ್ತದೆ. ಹೊಸನಗರ, ತೀರ್ಥಹಳ್ಳಿಯ ಕಡೆಯೂ ಇಂಥ ಕುಟುಂಬಗಳಿವೆ. ಸೊಟ್ಟಪಾದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ನೆರವಿನ ವಿಷಯದಲ್ಲಿ ಇದರಿಂದ ನಾವು ಕಲಿಯಬೇಕಾದದ್ದಿದೆ.

ಕಾಯಿಲೆ ಕಂಡುಬಂದವರಲ್ಲಿ ಹೆಚ್ಚಿನವರು ಚನ್ನಂಗಿ, ಛಲವಾದಿ ಸಮುದಾಯದ ದಲಿತ ಕೂಲಿಕಾರರು. ಗದ್ದೆಗೆ ಸಿಂಪಡಿಸಿದ ಕ್ರಿಮಿನಾಶಕ ಏಡಿಗಳಲ್ಲಿ ಸೇರಿ, ಆ ಏಡಿ ತಿಂದದ್ದರಿಂದ ಹೀಗಾಯಿತು ಎಂಬ ಮಾತು ಬಹಳ ಕಾಲ ಓಡಾಡಿತು. ಪತ್ರಿಕೆಗಳು ‘ನಿಗೂಢ ಕಾಯಿಲೆ’ ಎಂದು ಬರೆದವು. ಇದು ವಂಶವಾಹಿಯಿಂದ ಬರುವಂಥದ್ದು, ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು ಎಂಬುದು ಮುಂದಿನ ಅಧ್ಯಯನಗಳಿಂದ ತಿಳಿಯಿತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯವರು ಬಂದರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಬಂದರು. ರಕ್ತ ಪರೀಕ್ಷೆ, ಎಕ್ಸ್‌ರೇ ನಡೆದವು. ಸಂಶೋಧನೆ ಬೇಕೇ ಬೇಕು. ಆದರೆ ಆ ಮನೆಗಳಿಗೆ ದಿನವೂ ಬೇಕಾದದ್ದು ನೋವಿಗೆ ಔಷಧ, ಓಡಾಟಕ್ಕೆ ಆಧಾರ, ಕೂಲಿಗೆ ಹೋಗಲಾರದವರಿಗೆ ಅನ್ನ. ತಂಡಗಳು ಬಂದು ಹೋದ ಮರುದಿನವೂ ಅವರ ಸೊಂಟ ನೋಯುತ್ತದೆ. ಅವರು ನಮ್ಮ ನೆರೆಯವರು. ಸದಕಾಕ್ಕೆ ಜಾತಿ-ಧರ್ಮದ ಗಡಿಯಿಲ್ಲ ಎಂಬುದನ್ನು ನೆನಪಿಡೋಣ.

ಅಂದು ಏಡಿಯ ಮೇಲೆ ಬಂದ ಅಪವಾದ ನಮ್ಮ ಮನೆಗಳಲ್ಲಿ ತಾಯಿಯ ಮೇಲೆ ಬೀಳುತ್ತದೆ. ಗ್ರಹಣದ ದಿನ ಹೊರಗೆ ಬಂದಳು, ಕತ್ತರಿ ಹಿಡಿದಳು, ಯಾರದೋ ನಝರ್ ತಗುಲಿತು ಎನ್ನುತ್ತಾರೆ. ಸೊಟ್ಟಪಾದ ತಾಯಿಯ ತಪ್ಪಿನಿಂದ ಬರುವುದಿಲ್ಲ. ಹೆಣ್ಣು ಮಗುವಾದರಂತೂ ನಾಳೆ ಮದುವೆಗೆ ತೊಡಕಾದೀತೆಂದು ಕಾಲನ್ನು ಬಟ್ಟೆಯಲ್ಲಿ ಮುಚ್ಚಿಡುವವರಿದ್ದಾರೆ. ಹೀಗೆ ಮುಚ್ಚಿಟ್ಟ ಪ್ರತಿ ತಿಂಗಳೂ ಆ ಮಗುವಿಗೆ ನಷ್ಟ. ‘ಲಂಗಡಾ’, ‘ಕುಂಟ’ ಎಂಬ ಅಡ್ಡಹೆಸರುಗಳನ್ನು ಮನೆಯ ಹಿರಿಯರೇ ಮೊದಲು ನಿಲ್ಲಿಸಬೇಕು.

ಇನ್ನು ಹಣದ ವಿಷಯ. ಚಂದಾ ಎತ್ತುವ ಮೊದಲು ಸರ್ಕಾರದಿಂದ ಏನು ಸಿಗುತ್ತದೆ ಎಂದು ವಿಚಾರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೊಟ್ಟಪಾದವೂ ಇದೆ, ಜಾರಿದ ಸೊಂಟದ ಕೀಲೂ ಇದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ತಪಾಸಣೆ, ಆಪರೇಷನ್ ಸೇರಿದಂತೆ ಚಿಕಿತ್ಸೆ ಉಚಿತ. ಇದರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹಸುಗೂಸಾದರೆ ಆಶಾ ಕಾರ್ಯಕರ್ತೆಗೆ ಅಥವಾ ಹೆರಿಗೆಯಾದ ಆಸ್ಪತ್ರೆಯಲ್ಲೇ ತಿಳಿಸಿ. 2018ರಿಂದ ಇರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಅಲ್ಲಿ ಆಗದಿದ್ದರೆ ಅಲ್ಲಿಂದ ರೆಫರಲ್ ಚೀಟಿ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಚೀಟಿಯಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋದವರು ಸಾಲ ಮಾಡಿ ಬರುತ್ತಾರೆ. ಕಾಗದಪತ್ರ ಗೊತ್ತಿರುವ ಒಬ್ಬ ಯುವಕ ಆ ತಂದೆಯ ಜೊತೆ ಒಂದು ದಿನ ಓಡಾಡಿದರೆ ಅದು ಸಾವಿರಾರು ರೂಪಾಯಿಯ ಸದಕಾಕ್ಕೆ ಸಮ.

ಎಲ್ಲ ಉಚಿತವಾದರೆ ಜಮಾಅತ್‌ಗೆ ಏನು ಕೆಲಸ ಎಂದು ಕೇಳಬಹುದು. ಯೋಜನೆ ಭರಿಸುವುದು ಆಸ್ಪತ್ರೆಯ ಖರ್ಚನ್ನು. ತಪ್ಪಿದ ಕೂಲಿ, ಬಾಡಿಗೆ ಕಾರು, ಮನೆಯ ರೇಷನ್ ಇವೆಲ್ಲ ಅದರ ಹೊರಗೆ ಉಳಿಯುತ್ತವೆ. ಬಡವರು, ಸಾಲದಲ್ಲಿ ಸಿಕ್ಕಿಕೊಂಡವರು ಝಕಾತ್‌ನ ಹಕ್ಕುದಾರರು ಎಂಬುದು ನಮಗೆಲ್ಲ ಗೊತ್ತು. ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟು ಕೈತೊಳೆದುಕೊಳ್ಳುವ ಬದಲು ಬೈತುಲ್‌ಮಾಲ್‌ನಿಂದ ಚಿಕಿತ್ಸೆ ನಡೆಯುವಷ್ಟು ಕಾಲ ತಿಂಗಳಿಗಿಷ್ಟು ಎಂದು ನಿಗದಿ ಮಾಡಬಹುದು. ಚಿಕ್ಕ ಜಮಾಅತ್‌ಗೆ ಅದೂ ಕಷ್ಟವೆಂದರೆ ತಾಲೂಕಿನ ಎರಡು ಮೂರು ಜಮಾಅತ್‌ಗಳು ಕೂಡಿ ಮಾಡಲಿ.

ಮಗುವಿನ ಫೋಟೊವನ್ನು ಮಾತ್ರ ದಯವಿಟ್ಟು ಹಂಚಬೇಡಿ. ಇಂದು ಒಂದು ತಿಂಗಳ ಕೂಸಾಗಿರುವ ಆ ಮಗು ನಾಳೆ ಇದೇ ಊರಿನ ಶಾಲೆಗೆ ಹೋಗುತ್ತದೆ. ಅದರ ಕಾಲಿನ ಚಿತ್ರ ಎಲ್ಲರ ಮೊಬೈಲಿನಲ್ಲಿ ಉಳಿದಿರಬೇಕೇ? ನೆರವು ಪಡೆಯಲು ಮಾನವನ್ನು ಒತ್ತೆಯಿಡುವ ಸ್ಥಿತಿ ಯಾವ ಮನೆಗೂ ಬರಬಾರದು. ಜಮಾಅತ್‌ನ ಇಬ್ಬರು ಜವಾಬ್ದಾರರು ಆಸ್ಪತ್ರೆಯ ಕಾಗದ ನೋಡಿ, ಹೆಸರು ಹೇಳದೆ, ಅಮಾನತ್ ಎಂದು ಹಣ ಕೂಡಿಸಿ ಲೆಕ್ಕ ಇಟ್ಟರೆ ಸಾಕು. ಅದರಿಂದ ಸುಳ್ಳು ಚಂದಾ ಎತ್ತುವವರಿಗೂ ಕಡಿವಾಣ ಬೀಳುತ್ತದೆ.

ಪ್ರತಿ ಜಮಾಅತ್‌ನಲ್ಲೂ ಇಂಥ ಮನೆಗೆ ಒಬ್ಬ ಗಂಡಸು, ಒಬ್ಬ ಹೆಂಗಸನ್ನು ಹೆಸರು ಹಿಡಿದು ಜವಾಬ್ದಾರರನ್ನಾಗಿ ಮಾಡಬೇಕೆಂಬುದು ನನ್ನ ಕೋರಿಕೆ. ಆಸ್ಪತ್ರೆಯ ತಾರೀಖು ಅವರ ಪುಸ್ತಕದಲ್ಲೂ ಬರೆದಿರಲಿ. ಕಾರಿನ ಸರದಿಯನ್ನು ಅವರು ಗೊತ್ತುಮಾಡಲಿ. ಬ್ರೇಸ್ ಚಿಕ್ಕದಾಗಿ ಬೂಟು ಬದಲಿಸುವ ಹೊತ್ತಿಗೆ ಅವರೇ ಮೊದಲು ಕೇಳಲಿ. ಈಗಿನ ಕಮಿಟಿಯವರು ಬದಲಾದರೂ ಆ ಪುಸ್ತಕ ಮುಂದಿನವರ ಕೈಗೆ ಹೋಗಬೇಕು, ಏಕೆಂದರೆ ಮಗುವಿನ ಚಿಕಿತ್ಸೆ ಕಮಿಟಿಯ ಅವಧಿಗಿಂತ ಉದ್ದವಾಗಿರಬಹುದು. ಮುಂದಿನ ಸಭೆಯಲ್ಲಿ ಮಸೀದಿಯ ಬಣ್ಣ, ಮೈಕಿನ ಚರ್ಚೆಯ ಜೊತೆಗೆ ಹತ್ತು ನಿಮಿಷ ಈ ವಿಷಯಕ್ಕೂ ಕೊಡಿ. ನಮ್ಮ ಮೊಹಲ್ಲಾದಲ್ಲಿ ಇಂಥ ಮಗು ಇದೆಯೇ, ಅದರ ಮುಂದಿನ ತಾರೀಖು ಯಾವಾಗ ಎಂಬ ಎರಡು ಪ್ರಶ್ನೆಗಳಿಂದ ಶುರುಮಾಡಬಹುದು.