ನುಂಗುವವನಿಗೆ ಓದಲಾಗದ ಎಚ್ಚರಿಕೆ ಯಾರಿಗಾಗಿ?



ನಾನು ಡಾಕ್ಟರಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ಇಷ್ಟೇ ನನ್ನ ಪ್ರಪಂಚ. ಇಂಥವನು ಔಷಧಿಯ ವಿಚಾರ ಬರೆಯುವುದೇಕೆ ಎಂದು ನೀವು ಕೇಳಬಹುದು. ಕಾರಣವಿದೆ.

ನಮ್ಮಲ್ಲಿ ಬೈಂಡಿಂಗ್ ಮಾಡುವ ಹಿರಿಯರೊಬ್ಬರಿಗೆ ಸೊಂಟನೋವು. ಡಾಕ್ಟರು ಟ್ರಮಡಾಲ್ ಮಾತ್ರೆ ಬರೆದುಕೊಟ್ಟರು. ನಿದ್ದೆಗೆಂದು ಬೇರೊಬ್ಬ ಡಾಕ್ಟರು ಬರೆದಿದ್ದ ಆಲ್‌ಪ್ರಜೋಲಾಂ ಮೊದಲೇ ನಡೆಯುತ್ತಿತ್ತು. ಯುಗಾದಿಯ ಹೊಸತೊಡಕಿನ ರಾತ್ರಿ ಎರಡೂ ಮಾತ್ರೆಯ ಮೇಲೆ ಒಂದು ಕ್ವಾರ್ಟರ್ ಬ್ರಾಂದಿಯೂ ಸೇರಿತು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ತುಟಿ ನೀಲಿಗಟ್ಟಿತ್ತು. ಉಸಿರು ಬಹಳ ಹೊತ್ತಿಗೊಂದು ಬರುತ್ತಿತ್ತು. ಆಸ್ಪತ್ರೆಗೆ ಹೊತ್ತೊಯ್ದೆವು. ಹೇಗೋ ಬದುಕಿಕೊಂಡರು.

"ಯಾರೂ ಹೇಳಿರಲಿಲ್ಲವಾ ಮಾವ?" ಎಂದೆ. "ಕವರ್ ಮೇಲೆ ಏನೋ ಇತ್ತು ಚಿಕ್ಕೆಜಮಾನ್ರೇ. ಎಲ್ಲಾ ಇಂಗ್ಲೀಷು" ಎಂದರು.

ಇವರು ಅನಕ್ಷರಸ್ಥರಲ್ಲ! ದಿನಾ ಕನ್ನಡ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದುವವರು. ಮನೆಗೆ ಬಂದು ಆ ಡಾಕ್ಟರ ಚೀಟಿ ತಿರುಗಿಸಿ ನೋಡಿದೆ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ನನ್ನದೇ ಪ್ರೆಸ್ಸಿನ ಹೆಸರು! ಆ ಇಂಗ್ಲಿಷ್ ಚೀಟಿಯನ್ನು ಅಚ್ಚು ಹಾಕಿದವನು ನಾನೇ.

ಅಂದಿನಿಂದ ತಿಳಿದವರನ್ನು ಕೇಳಿ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ. ಪಾಯಸಕ್ಕೆ ಹಾಕುವ ಗಸಗಸೆಯ ಗಿಡದ ಕಾಯಿಯಿಂದ ಒಸರುವ ಹಾಲೇ ಅಫೀಮು. ಅದರಿಂದ ಬಂದವು ಮಾರ್ಫಿನ್, ಕೊಡೀನ್. ಟ್ರಮಡಾಲ್ ಕಾರ್ಖಾನೆಯಲ್ಲಿ ತಯಾರಾದ ಅದೇ ಜಾತಿಯ ಮದ್ದು. ಇವು ನೋವಿನ ಮೂಲವನ್ನು ವಾಸಿ ಮಾಡುವುದಿಲ್ಲ. ಮಿದುಳು, ಬೆನ್ನುಹುರಿಗಳಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು ನೋವಿನ ಸುದ್ದಿಯನ್ನು ತಗ್ಗಿಸುತ್ತವೆ. ಅದೇ ಗ್ರಾಹಕಗಳು ಉಸಿರಾಟವನ್ನು ನಡೆಸುವ ಕೇಂದ್ರದಲ್ಲೂ ಇವೆ, ಕರುಳಿನಲ್ಲೂ ಇವೆ. ಆದ್ದರಿಂದಲೇ ತೂಕಡಿಕೆ, ವಾಂತಿ, ಮಲಬದ್ಧತೆ. ತೂಕಡಿಕೆ, ವಾಂತಿ ಕೆಲವು ದಿನಗಳಲ್ಲಿ ಕಡಿಮೆಯಾಗಬಹುದು. ಮಲಬದ್ಧತೆ ಮಾತ್ರ ಮಾತ್ರೆ ಇರುವಷ್ಟು ದಿನವೂ ಕಾಡುತ್ತದೆ.

ಪ್ರಾಣಾಪಾಯ ಇರುವುದು ಕೂಡಿಕೆಯಲ್ಲಿ. ನಿದ್ದೆ ಮಾತ್ರೆಯೂ ಮದ್ಯವೂ ಮಿದುಳನ್ನು ಮಂಕು ಮಾಡುತ್ತವೆ. ಮೂರೂ ಸೇರಿದರೆ ಉಸಿರಾಡುವುದನ್ನೇ ದೇಹ ಮರೆಯುತ್ತದೆ! ಖಿನ್ನತೆಗೆ ಕೊಡುವ ಹಲವು ಮಾತ್ರೆಗಳ ಜೊತೆ ಟ್ರಮಡಾಲ್ ಸೇರಿದರೆ ನಡುಕ, ಜ್ವರ, ಗೊಂದಲ, ಫಿಟ್ಸ್ ಬರಬಹುದು. ಮೂರ್ಛೆರೋಗ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಕೊಡೀನ್ ಯಕೃತ್ತಿನಲ್ಲಿ ಮಾರ್ಫಿನ್ ಆಗುತ್ತದೆ. ಕೆಲವರಲ್ಲಿ ಇದು ಅತಿ ವೇಗವಾಗಿ ನಡೆಯುವುದರಿಂದ ಸಾಮಾನ್ಯ ಪ್ರಮಾಣವೂ ವಿಷವಾಗಬಹುದು. ಅಮೆರಿಕದ ಔಷಧ ಇಲಾಖೆ 12 ವರ್ಷದೊಳಗಿನ ಮಕ್ಕಳಿಗೆ ಕೊಡೀನ್, ಟ್ರಮಡಾಲ್ ಎರಡೂ ಬೇಡವೆಂದು 2017ರಲ್ಲೇ ಎಚ್ಚರಿಸಿತು. ನಮ್ಮ ಮನೆಗಳಲ್ಲಿ ದೊಡ್ಡವರ ಕೆಮ್ಮಿನ ಸಿರಪ್ಪನ್ನು ಮಗುವಿಗೆ ಅರ್ಧ ಚಮಚ ಕುಡಿಸುವುದಿಲ್ಲವೇ?

ಹಾಗೆಂದು ಈ ಮದ್ದುಗಳೇ ಬೇಡ ಎನ್ನುವ ಮೂರ್ಖ ನಾನಲ್ಲ. ಕ್ಯಾನ್ಸರಿನ ನೋವಿನಲ್ಲಿ ಒದ್ದಾಡುವವರಿಗೆ ಮಾರ್ಫಿನ್ ವರ. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದ ಅದು ರೋಗಿಗೆ ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಇನ್ನೊಂದು ಕಡೆ, ದುರುಪಯೋಗ ಹೆಚ್ಚಿತೆಂದು ಟ್ರಮಡಾಲನ್ನು 2018ರಲ್ಲಿ ಅದೇ ಕಾಯ್ದೆಯಡಿ ತಂದರು. ಕಾನೂನು ಬಂತು, ಕೆಂಪು ಗೆರೆಯ ಚೌಕದಲ್ಲಿ ಎಚ್ಚರಿಕೆಯೂ ಬಂತು. ಯಾವ ಭಾಷೆಯಲ್ಲಿ? ನಮ್ಮ ಬೈಂಡರ್ ತಂದ ಪಟ್ಟಿಯ ಮೇಲೆ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ! ಬೀಡಿ ಕಟ್ಟಿನ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಓದಿದ್ದೇನೆ. ಬೀಡಿ ಸೇದುವವನ ಜೀವಕ್ಕಿರುವ ಬೆಲೆ ಮಾತ್ರೆ ನುಂಗುವವನ ಜೀವಕ್ಕಿಲ್ಲವೇ?

ಇದು ಬರೀ ಭಾಷಾಭಿಮಾನದ ಮಾತಲ್ಲ ಸ್ವಾಮಿ, ಜೀವದ ಪ್ರಶ್ನೆ. ಸರ್ಕಾರ ಆದೇಶ ಹೊರಡಿಸುವ ತನಕ ನಾನು ಕಾಯುವುದಿಲ್ಲ. ಅಂಗೈಯಗಲದ ಚೀಟಿಯೊಂದನ್ನು ಅಚ್ಚು ಹಾಕಿದ್ದೇನೆ. ಒಬ್ಬ ಡಾಕ್ಟರು ತಿದ್ದಿಕೊಟ್ಟ ಅದರ ಒಕ್ಕಣೆ ಇದು:

"ಈ ನೋವಿನ ಮಾತ್ರೆಯ ಜೊತೆ ಮದ್ಯ ಬೇಡ. ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ತೂಕಡಿಕೆ ಇದ್ದರೆ ಗಾಡಿ ಓಡಿಸಬೇಡಿ. ನಿಮ್ಮ ಮಾತ್ರೆ ಇನ್ನೊಬ್ಬರಿಗೆ ಕೊಡಬೇಡಿ. ಬಹಳ ದಿನ ನುಂಗಿದ್ದರೆ ತಟ್ಟನೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಕೂಡಲೇ 108ಕ್ಕೆ ಫೋನ್ ಮಾಡಿ."

ನಮ್ಮ ಊರಿನ ಯಾವುದೇ ಔಷಧಿ ಅಂಗಡಿಯವರು ಕೇಳಿದರೂ ಸಾವಿರ ಚೀಟಿ ಕೊಡುತ್ತೇನೆ. ಕಾಗದವೂ ನನ್ನದೇ, ಶಾಯಿಯೂ ನನ್ನದೇ. ನಿಮ್ಮ ಊರಿನ ಪ್ರೆಸ್ಸಿನವರನ್ನು ನೀವು ಕೇಳಿ. ಅಂಗಡಿಯಲ್ಲಿ ಮಾತ್ರೆ ಕೊಂಡಾಗ, "ಇದರ ಎಚ್ಚರಿಕೆಯನ್ನು ಕನ್ನಡದಲ್ಲಿ ಹೇಳಿ" ಎಂದು ಗಟ್ಟಿಯಾಗಿ ಕೇಳಿ. ನಾಚಿಕೆಪಡಬೇಕಾದವರು ನಾವಲ್ಲ!