ಯಜಮಾನರನ್ನೇ ಕಾಣಬೇಕು

ನಮ್ಮ ಬೀದಿಯ ಅಂಚೆಯವರನ್ನು ಎಲ್ಲರೂ ಕರೆಯುವುದು ‘ಹವಾಲ್ದಾರರು’ ಎಂದು. ತಾಯಿತಂದೆಯರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಆ ನೆಟ್ಟ ಬೆನ್ನು, ಖಾಕಿ ಅಂಗಿಯ ಇಸ್ತ್ರಿಯ ಗೆರೆ, ಅಳೆದಿಟ್ಟಂಥ ಹೆಜ್ಜೆ ಇವುಗಳನ್ನು ಕಂಡವರಿಗೆ ಬೇರೆ ಹೆಸರು ನಾಲಗೆಗೆ ಬಾರದು. ಹನ್ನೊಂದೂಕಾಲಕ್ಕೆ ಅವರ ಸೈಕಲ್ಲಿನ ಗಂಟೆ ಕೇಳಿತೆಂದರೆ ನನ್ನ ಮನೆಯಾಕೆ ಒಲೆಯ ಮೇಲೆ ಬೇಳೆ ಇಡುತ್ತಾಳೆ. ನಮ್ಮ ಗೋಡೆಯ ಗಡಿಯಾರಕ್ಕೆ ಇಷ್ಟು ಗೌರವ ಎಂದೂ ದೊರೆತದ್ದಿಲ್ಲ.

ಅವರು ಹಾಸನ ಜಿಲ್ಲೆಯ ಒಂದು ಹಳ್ಳಿಯವರು. 1996ರಲ್ಲಿ, ಹದಿನೆಂಟರ ಹರೆಯದಲ್ಲಿ, ಬೆಂಗಳೂರಿನ ಹಲಸೂರು ಕೆರೆಯ ಬಳಿಯಿರುವ ಮದ್ರಾಸ್ ಎಂಜಿನಿಯರ್ ದಳವನ್ನು ಸೇರಿದರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ನೆಲದಲ್ಲಿ ಹುದುಗಿದ ಸಿಡಿಗುಂಡುಗಳನ್ನು ತೆಗೆಯುವುದು ಆ ದಳದ ಕಸುಬು. ಹತ್ತೊಂಬತ್ತು ವರ್ಷ ದುಡಿದು, 2015ರಲ್ಲಿ ನಿವೃತ್ತರಾದಾಗ ಅವರ ವಯಸ್ಸು ಕೇವಲ ಮೂವತ್ತೇಳು. ನಾವು ಅಧ್ಯಾಪಕರು ಇನ್ನೂ ಪಾಠದ ಟಿಪ್ಪಣಿಗಳನ್ನು ತಿದ್ದಿಕೊಳ್ಳುತ್ತಿರುವ ವಯಸ್ಸಿಗೆ ಸಿಪಾಯಿಯ ಮೊದಲನೆಯ ಜೀವನ ಮುಗಿದಿರುತ್ತದೆ. ಮಕ್ಕಳ ಓದು, ತಂಗಿಯ ಮದುವೆ, ಸೋರುವ ಹಂಚು ಎಲ್ಲವೂ ಆಗಲೇ ಎದುರಾಗುತ್ತವೆ. ಪಿಂಚಣಿಯೊಂದರಿಂದಲೇ ಅವೆಲ್ಲ ತೀರುವಂಥವಲ್ಲ.

ಕೇಂದ್ರ ಸರ್ಕಾರದ ‘ಸಿ’ ವರ್ಗದ ನೇಮಕಾತಿಯಲ್ಲಿ ನೂರಕ್ಕೆ 10 ಸ್ಥಾನಗಳು ಮಾಜಿ ಸೈನಿಕರಿಗೆ ಮೀಸಲು. ಸೇನೆಯಲ್ಲಿ ಕಳೆದ ವರ್ಷಗಳನ್ನು ಅವರ ವಯಸ್ಸಿನಿಂದ ಕಳೆಯುವ ನಿಯಮವೂ ಉಂಟು. “ಮೂವತ್ತೇಳರಿಂದ ಹತ್ತೊಂಬತ್ತು ಕಳೆಯಿರಿ ಸಾರ್, ಮತ್ತೆ ಹದಿನೆಂಟೇ ಬಂತು! ತಲೆಗೂದಲು ಮಾತ್ರ ಆ ಲೆಕ್ಕ ಒಪ್ಪಲಿಲ್ಲ,” ಎಂದು ಒಮ್ಮೆ ನಕ್ಕಿದ್ದರು. ಹೀಗೆ ಅವರು ಅಂಚೆಯ ಚೀಲವನ್ನು ಹೆಗಲಿಗೇರಿಸಿದರು.

ನನಗೂ ಅವರಿಗೂ ನಿಜವಾದ ಪರಿಚಯವಾದದ್ದು 2019ರ ಜುಲೈ ತಿಂಗಳಲ್ಲಿ, ಒಂದು ಸಣ್ಣ ಜಗಳದಿಂದ. ನನ್ನ ತಂದೆಯವರ ಹೆಸರಿಗೆ ಒಂದು ರಿಜಿಸ್ಟರ್ಡ್ ಲಕೋಟೆ ಬಂದಿತ್ತು. ತಂದೆಯವರು ಮಹಡಿಯ ಮೇಲಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದರು. ನನಗೆ ಕಾಲೇಜಿಗೆ ಹೊತ್ತಾಗಿತ್ತು. “ಕೊಡಿ, ನಾನೇ ಸಹಿ ಹಾಕುತ್ತೇನೆ,” ಎಂದೆ.

“ಯಜಮಾನರನ್ನೇ ಕಾಣಬೇಕು, ಸಾರ್.”

“ನಾನು ಅವರ ಮಗನೆಂದು ನಿಮಗೆ ಗೊತ್ತಿಲ್ಲವೆ?”

“ಗೊತ್ತು. ಲಕೋಟೆಯ ಮೇಲಿರುವ ಹೆಸರು ಅವರದು.”

ನನಗೆ ರೇಗಿತು. ಎಂ.ಎ. ಪದವೀಧರನ ಮಾತಿಗೆ ಇಷ್ಟೇ ಬೆಲೆಯೇ ಎಂದು ಒಳಗೊಳಗೇ ಕುದಿದೆ. ಎರಡು ಕಟುವಾದ ಮಾತುಗಳನ್ನೂ ಆಡಿದೆ. ಅವರು ಉತ್ತರ ಕೊಡದೆ, ಬೂಟು ಕಳಚಿ, ಮೆಟ್ಟಿಲೇರಿದರು. ಹಿಂದೆಯೇ ಹೋದ ನಾನು ಕಂಡದ್ದಿಷ್ಟು: ತಂದೆಯವರು ಗೋಡೆಗೊರಗಿ ಕುಳಿತು, ಕನ್ನಡಕ ಕೇಳಿ ಪಡೆದು, ನಡುಗುವ ಕೈಯಿಂದ ತಮ್ಮ ಪೂರ್ಣ ಹೆಸರನ್ನು ಬರೆಯುತ್ತಿದ್ದರು. ಅವಸರಪಡಿಸದೆ ಹವಾಲ್ದಾರರು ಪಕ್ಕದಲ್ಲಿ ನಿಂತಿದ್ದರು. ಬಹಳ ತಿಂಗಳಿಂದ ಆ ಕೋಣೆಗೆ ಔಷಧ, ಗಂಜಿಗಳ ಹೊರತು ತಂದೆಯವರದೇ ಎನ್ನುವಂಥ ಯಾವುದೂ ಬಂದಿರಲಿಲ್ಲ. ಅಂದು ಮಧ್ಯಾಹ್ನ ಅವರು ಎರಡು ತುತ್ತು ಹೆಚ್ಚು ಉಂಡರು.

ಮರುವಾರ ನಾನೇ ಅವರನ್ನು ಕರೆದು, ಕಾಫಿ ಕೊಟ್ಟು, ಆಡಿದ ಮಾತಿಗೆ ಕ್ಷಮೆ ಕೇಳಿದೆ. ಆಗ ಹೇಳಿದರು.

1999ರಲ್ಲಿ ಅವರು ಜಮ್ಮು–ಕಾಶ್ಮೀರದಲ್ಲಿದ್ದರು. ಸಿಪಾಯಿಯ ವಿಳಾಸದಲ್ಲಿ ಊರ ಹೆಸರೇ ಇರುವುದಿಲ್ಲ. ಪಡೆಯ ಹೆಸರು, ಕೆಳಗೆ ‘56 ಎ.ಪಿ.ಓ.’ ಎಂಬ ಸಂಖ್ಯೆ, ಅಷ್ಟೆ. ಹಿಮದ ನಡುವಿನ ಗುಡಾರಕ್ಕೂ ಸೇನೆಯ ಅಂಚೆದಳ ಕಾಗದ ಮುಟ್ಟಿಸುತ್ತಿತ್ತು. ಅವರು ತಿಂಗಳು ತಿಂಗಳೂ ತಾಯಿಗೆ ಮನಿಯಾರ್ಡರ್ ಮಾಡುತ್ತಿದ್ದರು. ಹಣ ಮುಟ್ಟಿದ್ದಕ್ಕೆ ಗುರುತಾಗಿ ಪಡೆದವರ ಸಹಿಯೋ ಹೆಬ್ಬೆಟ್ಟೋ ಇರುವ ರಸೀದಿ ಕಳಿಸಿದವರಿಗೆ ಮರಳಿ ಬರುತ್ತಿದ್ದ ಕಾಲ ಅದು. ಅಕ್ಷರ ಬಾರದ ತಾಯಿಯ ಹೆಬ್ಬೆಟ್ಟಿನ ಆ ಚೀಟಿಗಳನ್ನು ಅವರು ಟ್ರಂಕಿನಲ್ಲಿ, ದೇವರ ಪಟದ ಹಿಂದೆ, ಜೋಪಾನವಾಗಿ ಇಟ್ಟುಕೊಂಡಿದ್ದರು.

ಆ ವರ್ಷದ ಮೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ ಮೊದಲಾಯಿತು. ಅವರ ರಜೆ ರದ್ದಾಯಿತು. ಜುಲೈ 26ಕ್ಕೆ ಯುದ್ಧ ಮುಗಿದು, ಬಳಿಕ ರಜೆ ದೊರೆತು ಊರಿಗೆ ಬಂದಾಗ ತಾಯಿ ಮನೆಯಲ್ಲಿರಲಿಲ್ಲ. ಪರರ ಹೊಲದಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದರು. ನಾಲ್ಕು ತಿಂಗಳಿಂದ ಅವರಿಗೆ ಒಂದು ಕಾಸೂ ತಲುಪಿರಲಿಲ್ಲ. ದೊಡ್ಡಪ್ಪನ ಮಗ ಬಾಗಿಲಲ್ಲೇ ನಿಂತು, “ಚಿಕ್ಕಮ್ಮನಿಗೆ ಜ್ವರ, ಒಳಗೆ ಹೋಗಿ ಒತ್ತಿಸಿಕೊಂಡು ಬರುತ್ತೇನೆ,” ಎಂದು ಫಾರಮನ್ನು ಒಯ್ದು ತನ್ನದೇ ಹೆಬ್ಬೆಟ್ಟು ಒತ್ತಿ ತರುತ್ತಿದ್ದ. ಮಗನ ಕಾಗದಗಳನ್ನು ತಾಯಿಗೆ ಓದಿ ಹೇಳುತ್ತಿದ್ದವನೂ ಅವನೇ. ಹಣದ ಸಾಲನ್ನು ಮಾತ್ರ ಬಿಟ್ಟು ಓದುತ್ತಿದ್ದ. ತಾಯಿಯ ಪರವಾಗಿ ‘ಹಣ ಬಂತು’ ಎಂದು ಬರೆಯುತ್ತಿದ್ದವನೂ ಅವನೇ.

“ಅವ್ವ ಬಯ್ಯಲಿಲ್ಲ ಸಾರ್. ‘ನೀನು ಬಂದೆಯಲ್ಲ, ಸಾಕು’ ಎಂದಳು. ನಾನು ಕಣ್ಣಿಗೊತ್ತಿಕೊಂಡದ್ದು ಕಳ್ಳನ ಹೆಬ್ಬೆಟ್ಟನ್ನು.”

“ಆ ಅಂಚೆಯವನ ಮೇಲೆ ದೂರು ಕೊಡಲಿಲ್ಲವೆ?” ಎಂದೆ.

“ಅವನು ಕಳ್ಳನಲ್ಲ, ಅವಸರದವನು. ನಾಲ್ಕು ಹೆಜ್ಜೆ ಒಳಗೆ ಹೋಗಿ ಅವ್ವನ ಮುಖ ನೋಡಿದ್ದರೆ ಸಾಕಿತ್ತು.”

ಆ ಬಗೆಯ ಮನಿಯಾರ್ಡರು 2015ರಲ್ಲೇ ನಿಂತಿತು. ತಂತಿ 2013ರಲ್ಲೇ ಹೋಗಿತ್ತು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯೂ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಹವಾಲ್ದಾರರ ನಾಲ್ಕು ಹೆಜ್ಜೆಗಳು ಮಾತ್ರ ತಪ್ಪಲಿಲ್ಲ.

2022ರಲ್ಲಿ ತಂದೆಯವರು ತೀರಿಕೊಂಡರು. ತಿಂಗಳ ಮೇಲೆ ಅವರ ಹೆಸರಿಗೆ ಇನ್ನೊಂದು ಲಕೋಟೆ ಬಂತು. ಹವಾಲ್ದಾರರು ಜಗುಲಿಯಲ್ಲಿ ಕುಳಿತು, ಅದರ ಮೇಲೆ ‘ವಿಳಾಸದಾರರು ದಿವಂಗತರು’ ಎಂದು ನಿಧಾನವಾಗಿ ಬರೆದು, ತಪ್ಪಿಲ್ಲವಷ್ಟೆ ಎಂದು ನನಗೆ ತೋರಿಸಿದರು. ತಪ್ಪಿರಲಿಲ್ಲ. ಅವರು ಒಮ್ಮೆ ಮಹಡಿಯ ಕಿಟಕಿಯತ್ತ ನೋಡಿ, ಸೈಕಲ್ ಏರಿದರು.

ಓದುಗರ ಮನೆಯ ಬಾಗಿಲಲ್ಲೂ ಅಂಚೆಯವರೊಬ್ಬರು ಸಹಿಗಾಗಿ ಹಟ ಹಿಡಿದರೆ, ದಯವಿಟ್ಟು ರೇಗಬೇಡಿ. ಮಹಡಿಯ ಮೇಲಿರುವವರನ್ನು ಕೂಗಿ ಕರೆಯಿರಿ. ಅವರು ಇಳಿದು ಬರುವಷ್ಟು ಹೊತ್ತು ಕಾಯಿರಿ.