ಕಾರ್ಬುರೇಟರ್ ಕಟ್ಟಿದರೆ ಪಗಾರ ಮುರಿಯುವುದೇಕೆ?



ಮೊದಲ ಮಳೆ ಬಿದ್ದು ಹುಲ್ಲು ಎದ್ದಿತೆಂದರೆ ಮುಂಬಯಿಯ ಸೊಸೈಟಿಗಳ ತೋಟಗಳಲ್ಲಿ ವರ್ಷವರ್ಷವೂ ಒಂದೇ ನಾಟಕ. ಬೇಸಿಗೆಯೆಲ್ಲ ಮೂಲೆಯಲ್ಲಿ ಬಿದ್ದಿದ್ದ ಹುಲ್ಲು ಹೆರೆಯುವ ಮಿಶನನ್ನು ಹೊರಗೆ ತೆಗೆಯುತ್ತಾರೆ. ಹಗ್ಗ ಎಳೆದೆಳೆದು ಕೆಲಸಗಾರನ ರಟ್ಟೆ ಬೀಳುತ್ತದೆ. ಮಿಶನ್ ಕೆಮ್ಮುತ್ತದೆ, ನಿಲ್ಲುತ್ತದೆ. ಆಗ ಕಂತ್ರಾಟುದಾರ ಬಂದು ಹೇಳುವ ಮಾತೂ ಒಂದೇ: “ನೀನೇ ಕೆಡಿಸಿದ್ದು. ಹೊಸ ಕಾರ್ಬುರೇಟರಿನ ದುಡ್ಡು ನಿನ್ನ ಪಗಾರದಲ್ಲಿ ಮುರಿಯುತ್ತೇನೆ.”

ಇದು ಸುಳ್ಳು. ಸುಳ್ಳೆಂಬುದನ್ನು ಮಿಶನಿನ ಹೊಟ್ಟೆ ಬಿಚ್ಚಿಯೇ ತೋರಿಸಬಹುದು.

ಬೋನಸ್ಸು, ಪ್ರಾವಿಡೆಂಟ್ ಫಂಡು ಬಿಟ್ಟು ಸಂಘದ ಪತ್ರಿಕೆಗೆ ಕಾರ್ಬುರೇಟರಿನ ಉಸಾಬರಿ ಏಕೆಂದು ಕೆಲವು ಮಿತ್ರರು ಕೇಳುತ್ತಾರೆ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಲೋವರ್ ಪರೇಲಿನ ಆ ನೆಲದಲ್ಲಿ ಗೋಪುರಗಳೆದ್ದವು. ಅಪ್ಪ ಮಗ್ಗ ನಡೆಸಿದ ಜಾಗದಲ್ಲಿ ಮಗ ಇಂದು ಹುಲ್ಲು ಹೆರೆಯುತ್ತಿದ್ದಾನೆ. 2020ರ ಲಾಕ್‌ಡೌನಿನಲ್ಲಿ ಹೊಟೇಲುಗಳು ಬಾಗಿಲು ಹಾಕಿದಾಗ ನಮ್ಮ ಹುಡುಗರೂ ಕೆಲವರು ಇದೇ ಕೆಲಸ ಹಿಡಿದರು. ಊರಿನ ಅಡಿಕೆ ತೋಟದಲ್ಲಿರುವುದೂ ಇದೇ ಮಿಶನ್. ಅದರ ರಿಪೇರಿಗೆ ಮನಿಯಾರ್ಡರು ಕಳಿಸುವವರೂ ನಾವೇ. ಸಾಲದೆ?

ನಾನು ಹೊಟೇಲಿನಲ್ಲಿ ಟೇಬಲ್ ಒರೆಸುತ್ತಿದ್ದಾಗ ಒಡೆದ ಗ್ಲಾಸಿನ ದುಡ್ಡು ಪಗಾರದಲ್ಲಿ ಮುರಿಯುತ್ತಿದ್ದರು. ಮೊದಲೇ ಬಿರುಕು ಬಿಟ್ಟಿದ್ದ ಗ್ಲಾಸಿಗೂ ಮುರಿದರು. ಅದೇ ಗ್ಲಾಸಿನ ಲೆಕ್ಕ ಈಗ ಕಾರ್ಬುರೇಟರಿನ ವೇಷ ಹಾಕಿ ಬಂದಿದೆ.

ಈಗ ಮಿಶನಿನ ವಿಚಾರ. ಇದನ್ನು ಓರೆಯಾಗಿ ಹಿಡಿದರೂ ನಡೆಯಬೇಕು. ಆದ್ದರಿಂದ ಹೆಚ್ಚಿನ ಟೂ-ಸ್ಟ್ರೋಕ್ ಮಿಶನುಗಳ ಕಾರ್ಬುರೇಟರಿನಲ್ಲಿ ಬೈಕಿನ ಹಾಗೆ ಪೆಟ್ರೋಲಿನ ಬಟ್ಟಲು, ತೇಲುವ ಫ್ಲೋಟು ಇರುವುದಿಲ್ಲ. ಡಯಾಫ್ರಂ ಎಂಬ ಎರಡು ತೆಳು ಪೊರೆಗಳಿರುತ್ತವೆ. ಒಂದು ಟಾಂಕಿಯಿಂದ ಪೆಟ್ರೋಲು ಎಳೆಯುತ್ತದೆ. ಇನ್ನೊಂದು ಸಣ್ಣ ಸೂಜಿಯೊಂದನ್ನು ಎತ್ತಿ ಇಳಿಸಿ ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಪೆಟ್ರೋಲು ತಿಂಗಳುಗಟ್ಟಲೆ ನಿಂತರೆ ಹಗುರವಾದ ಅಂಶ ಹಾರಿಹೋಗಿ ಅಂಟು ಉಳಿಯುತ್ತದೆ. ಕೂದಲೆಳೆಯಂಥ ತೂತುಗಳು ಕಟ್ಟುತ್ತವೆ, ಪೊರೆ ಬಿರುಸಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ. ಮುಂಬಯಿಯ ಗಾಳಿಯಲ್ಲಿ ತೇವಕ್ಕೇನು ಬರಗಾಲವೇ? ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬಾರದು. ಇವರು ಇಟ್ಟದ್ದು ದೀಪಾವಳಿಯಿಂದ ಜೂನ್ ತನಕ!

ಮಿಶನ್ ಒಳಗಿಡುವ ಮುಂಚೆ ಟಾಂಕಿ ಖಾಲಿ ಮಾಡಿ, ಉಳಿದದ್ದು ತೀರಿ ತಾನಾಗಿ ನಿಲ್ಲುವ ತನಕ ಓಡಿಸಬೇಕು. ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆಯ ಕೂಲಿ ಉಳಿಸಿದವನು ಯಾರು? ಕೋಣೆಯ ಬೀಗದ ಕೈ ಇದ್ದದ್ದು ಯಾರ ಹತ್ತಿರ?

ಹಾಗೆಂದು ಕೆಟ್ಟೊಡನೆ ಕಾರ್ಬುರೇಟರಿಗೆ ಕೈ ಹಾಕಬೇಡಿ. ಚೋಕಿನಲ್ಲಿ ಹೊತ್ತಿಕೊಂಡು ಚೋಕ್ ತೆಗೆದೊಡನೆ ನಿಂತರೆ ಪೆಟ್ರೋಲು ಸಾಲುತ್ತಿಲ್ಲವೆಂದು ತಿಳಿಯಿರಿ. ಟಾಂಕಿಯ ಮುಚ್ಚಳ ಸಡಿಲ ಮಾಡಿ ನೋಡಿ. ಆಗ ಓಡಿದರೆ ಗಾಳಿಯ ದಾರಿ ಕಟ್ಟಿದೆ, ಅಷ್ಟೆ. ಟಾಂಕಿಯೊಳಗಿನ ಪೈಪಿನ ತುದಿಯ ಫಿಲ್ಟರನ್ನು ತಂತಿಯ ಕೊಕ್ಕೆಯಿಂದ ಎಳೆದು ನೋಡಿ. ಗಾಳಿ ಫಿಲ್ಟರಿನ ಸ್ಪಂಜನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಆಮೇಲೆ ಬಿಚ್ಚಿ. ಬೀಡಿ ದೂರವಿರಲಿ. ಪೊರೆ, ಪ್ಯಾಕಿಂಗು ಯಾವುದರ ಮೇಲೆ ಯಾವುದಿತ್ತೆಂದು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅದಲು ಬದಲಾದರೆ ಕೆಲಸ ಕೆಟ್ಟಿತು. ಒಳಗಿನ ಸಣ್ಣ ಜಾಲರಿ ತೊಳೆದು, ತೂತುಗಳಿಗೆ ಕಾರ್ಬುರೇಟರ್ ಕ್ಲೀನರ್ ಹೊಡೆಯಿರಿ. ಗ್ಯಾಸ್ ಬರ್ನರಿಗೆ ಪಿನ್ನು ಚುಚ್ಚಿ ರೂಢಿಯಾದ ನಮ್ಮವರು ಇಲ್ಲಿ ಮಾತ್ರ ಪಿನ್ನು ಹಾಕಬಾರದು. ತೂತು ಚೂರು ಹಿಗ್ಗಿದರೂ ಲೆಕ್ಕ ತಪ್ಪುತ್ತದೆ. ಪೊರೆ ಬಿರುಸಾಗಿದ್ದರೆ ಪೊರೆಗಳ ಕಿಟ್ ಸಿಗುತ್ತದೆ, ಇಡೀ ಕಾರ್ಬುರೇಟರಿಗಿಂತ ಎಷ್ಟೋ ಅಗ್ಗ. ಮೆಕ್ಯಾನಿಕ್ ಅದರ ಮಾತೆತ್ತುವುದಿಲ್ಲ, ಅವನ ವ್ಯಾಪಾರ ಅವನಿಗೆ.

ಎಣ್ಣೆ ಬೆರೆಸದೆ ಓಡಿಸಿ ಪಿಸ್ಟನ್ ಹಿಡಿದರೆ ಅದು ಬೇರೆ ಮಾತು. ಆದರೆ ಲೀಟರಿಗೆ ಎಷ್ಟು ಎಣ್ಣೆಯೆಂದು ಹೇಳಿಕೊಟ್ಟವರು ಯಾರು? ಮಿಶನಿನ ಪುಸ್ತಕವನ್ನು ಕೆಲಸಗಾರನ ಕೈಗೆ ಕೊಟ್ಟ ಕಂತ್ರಾಟುದಾರನನ್ನು ನಾನು ಇನ್ನೂ ಕಂಡಿಲ್ಲ.

1936ರ ವೇತನ ಪಾವತಿ ಕಾಯ್ದೆ ಹೇಳಿದ್ದನ್ನೇ ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ಹೇಳುತ್ತದೆ: ನಷ್ಟ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಮುರಿಯುವ ಹಣ ನಷ್ಟಕ್ಕಿಂತ ಹೆಚ್ಚಿರಬಾರದು, ಮುರಿಯುವ ಮೊದಲು ಅವನ ಸಮಜಾಯಿಷಿ ಕೇಳತಕ್ಕದ್ದು. ಕೇಳಿದ್ದಾರೆಯೇ? ಎಲ್ಲಿ? ಯಾವಾಗ?

ಇನ್ನು ಮುಂದೆ ಪಗಾರ ಮುರಿಯುತ್ತೇನೆಂದವನಿಗೆ “ಬರೆದು ಕೊಡಿ” ಎನ್ನಿರಿ. ಕಾರ್ಬುರೇಟರನ್ನು ನಿಮ್ಮೆದುರೇ ಬಿಚ್ಚಿಸಿರಿ. ತೆಗೆದ ಹಳೆಯ ಪೊರೆಯನ್ನು ಬಿಸಾಡದೆ ಕಾಗದದಲ್ಲಿ ಸುತ್ತಿ, ಪಗಾರದ ಚೀಟಿಯ ಜೊತೆ ಸಂಘದ ಕಛೇರಿಗೆ ತನ್ನಿರಿ.